ನೆಲವನ್ನು ನಡುಗಿಸಿದವರಾರು?

ನಮ್ಮ ಶಾಲೆಯ ಹಿಂಬದಿಯಲ್ಲಿ ರೈಲುಮಾರ್ಗವಿರುವುದು ನಿಮಗೆಲ್ಲ ತಿಳಿದೇ ಇದೆ. ಫಾಸ್ಟ್ ಲೋಕಲ್ ಹಾಯ್ದುಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡಿಸುತ್ತದೆ. ನನ್ನ ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಅಲೆಗಳೇಳುತ್ತವೆ. ಒಮ್ಮೆ ಎಂಟನೆಯ ತರಗತಿಯಲ್ಲಿ, "ಈ ನಡುಕಕ್ಕೆ ರೈಲೇ ಕಾರಣವೆಂದು ಹೇಗೆ ಹೇಳುವಿರಿ? ಭೂಕಂಪವೇಕಾಗಿರಬಾರದು?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, "ಮಳೆಗೆ ರೈಲು ನಿಂತಿತ್ತಲ್ಲ ಸರ್, ಆ ದಿನ ಲೋಟ ಅಲುಗಲೇ ಇಲ್ಲ" ಎಂದನು. ಆ ಉತ್ತರದಿಂದ ನನಗಾದ ಸಂತೋಷ ಅಷ್ಟಿಷ್ಟಲ್ಲ. ದೂರದ ಅಮೆರಿಕದಲ್ಲಿ, ಎಣ್ಣೆಯ ಬಾವಿಗಳ ಬಳಿ ಏಳುವ ಸಣ್ಣ ಭೂಕಂಪಗಳ ಕಾರಣವನ್ನು ವಿಜ್ಞಾನಿಗಳು ಕಂಡುಹಿಡಿದದ್ದೂ ಬಹುಮಟ್ಟಿಗೆ ಇದೇ ದಾರಿಯಿಂದ.

ಮನುಷ್ಯನ ಕೆಲಸದಿಂದ ನೆಲ ನಡುಗೀತೆಂಬ ಮಾತನ್ನು ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ, ನಮ್ಮ ಆಯಿಯ ಬಾಯಿಂದ. ಚಿಕ್ಕೋಡಿಯ ಕಡೆ ಅಜ್ಜಿಯನ್ನು ನಾವು ಹಾಗೆಯೇ ಕರೆಯುವುದು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಕೊಯ್ನಾ ಭೂಕಂಪವಾದಾಗ ಮಾಡದಲ್ಲಿದ್ದ ಹಿತ್ತಾಳೆಯ ತಂಬಿಗೆಗಳು ಉರುಳಿಬಿದ್ದುದನ್ನು ಅವಳು ಕಥೆಯಂತೆ ಹೇಳುತ್ತಿದ್ದಳು; ಕೊನೆಗೆ, "ಅಷ್ಟ್ ನೀರ ಕಟ್ಟಿಹಾಕಿದ್ರ ಭೂಮಿತಾಯಿ ತಾಳ್ತಾಳೇನು?" ಎನ್ನುತ್ತಿದ್ದಳು. ಕೊಯ್ನಾ ಜಲಾಶಯ ತುಂಬತೊಡಗಿದ್ದು 1962ರಲ್ಲಿ. ಸಣ್ಣ ಕಂಪನಗಳು ಅದರ ಬೆನ್ನಿಗೇ ಬಂದವು. ಆಯಿಯ ಮಾತಿನಲ್ಲಿ ಹುರುಳಿತ್ತೆಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಆದರೆ ಊಹಿಸುವುದು ಒಂದು, ಸಿದ್ಧಪಡಿಸುವುದು ಇನ್ನೊಂದು. ಅಣೆಕಟ್ಟಿನ ನೀರನ್ನೆಲ್ಲ ಹರಿಯಬಿಟ್ಟು, ಮತ್ತೆ ತುಂಬಿಸಿ ನೋಡುವವರಾರು? ಎಣ್ಣೆಯ ಬಾವಿಯಲ್ಲಾದರೆ ಅಂಥ ಪರೀಕ್ಷೆಗೆ ಅವಕಾಶವುಂಟು.

ಮೊದಲ ಸುಳಿವು ಕೊಲರಾಡೊ ರಾಜ್ಯದ ಡೆನ್ವರ್ ನಗರದ ಬಳಿ ದೊರೆಯಿತು. ಅಲ್ಲಿಯ ಸೇನೆಯ ಕಾರ್ಖಾನೆಯೊಂದು ತನ್ನ ವಿಷಮಯ ಕೊಳೆನೀರನ್ನು ಎಣ್ಣೆಯ ಬಾವಿಯಂತೆಯೇ ಕೊರೆದ, 3,671 ಮೀಟರ್ ಆಳದ ಬಾವಿಯೊಂದಕ್ಕೆ 1962ರ ಮಾರ್ಚ್‌ನಿಂದ ಪಂಪು ಮಾಡತೊಡಗಿತು. ಮರುತಿಂಗಳಿನಿಂದಲೇ ನೆಲ ನಡುಗಹತ್ತಿತು. ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ 1965ರಲ್ಲಿ ಎರಡು ನಕ್ಷೆಗಳನ್ನು ಒಂದರ ಕೆಳಗೊಂದು ಇಟ್ಟನು: ತಿಂಗಳಿಗೆ ಎಷ್ಟು ನೀರು ಇಳಿಯಿತು, ತಿಂಗಳಿಗೆ ಎಷ್ಟು ಕಂಪನಗಳಾದವು. ಒಂದು ಏರಿದಾಗ ಇನ್ನೊಂದೂ ಏರಿತ್ತು. ನಡುವೆ ಒಂದು ವರ್ಷ ಪಂಪು ನಿಂತಿದ್ದಾಗ ಕಂಪನಗಳೂ ಇಳಿದಿದ್ದವು. ನಮ್ಮ ಹಿಂದಿನ ಬೆಂಚಿನ ಹುಡುಗನ ತರ್ಕವೇ ಇದು! 1966ರ ಫೆಬ್ರವರಿಯಲ್ಲಿ ಆ ಬಾವಿಯನ್ನು ನಿಲ್ಲಿಸಲಾಯಿತು.

ಇಷ್ಟಕ್ಕೂ ನೀರು ಬಂಡೆಯನ್ನು ಅಲುಗಿಸುವುದೆಂತು? ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಒದ್ದೆಯಾದ ಮೇಜಿನ ಮೇಲೆ ಬೋರಲು ಹಾಕಿರಿ. ಕೆಲವೊಮ್ಮೆ ಅದು ಯಾರೂ ಮುಟ್ಟದೆಯೇ ಮೆಲ್ಲನೆ ಜಾರುತ್ತದೆ. ಒಳಗಿನ ಗಾಳಿ ಕಾದು ಹಿಗ್ಗಿ ಲೋಟದ ಭಾರವನ್ನು ತಾನೂ ಸ್ವಲ್ಪ ಹೊರುತ್ತದೆ. ಮೇಜಿನ ಮೇಲಿನ ಒತ್ತು ಕಡಮೆಯಾಗಿ ಘರ್ಷಣೆ ಸಡಿಲವಾಗುತ್ತದೆ. ಮೇಜು ತುಸು ವಾಲಿದ್ದರೆ ಸಾಕು, ಲೋಟ ಹೊರಟಿತು. ಭೂಮಿಯ ಆಳದಲ್ಲಿಯೂ ಹೀಗೆಯೇ. ಅಲ್ಲಿ ಹಳೆಯ ಬಿರುಕುಗಳುಂಟು, ಇವನ್ನು ಸ್ತರಭಂಗಗಳೆನ್ನುತ್ತಾರೆ. ಎರಡು ಪಕ್ಕದ ಬಂಡೆಗಳನ್ನು ಜಾರಿಸಲು ಎಳೆತವು ಸಾವಿರಾರು ವರ್ಷಗಳಿಂದ ಕಾದಿರುತ್ತದೆ, ಮೇಲಿನ ಭಾರ ಅವನ್ನು ಒತ್ತಿಹಿಡಿದಿರುತ್ತದೆ. ಕಲ್ಲಿನ ರಂಧ್ರಗಳಲ್ಲಿಯ ನೀರಿನ ಒತ್ತಡ ಹೆಚ್ಚಿದಂತೆ ಆ ಹಿಡಿತ ಸಡಿಲುತ್ತದೆ.

ಕೊಲರಾಡೊದ್ದೇ ಆದ ರೇಂಜ್ಲಿ ಎಂಬ ಎಣ್ಣೆಯ ಕ್ಷೇತ್ರದಲ್ಲಿ ಇದರ ನಿಜವಾದ ಪರೀಕ್ಷೆ ನಡೆಯಿತು. ಎಣ್ಣೆಯನ್ನು ಮೇಲಕ್ಕೆ ನೂಕಲೆಂದು 1957ರಿಂದ ಅಲ್ಲಿ ನೆಲದೊಳಕ್ಕೆ ನೀರು ತುಂಬುತ್ತಿದ್ದರು. ಸಣ್ಣ ಕಂಪನಗಳೂ ಏಳುತ್ತಿದ್ದವು. 1969ರಲ್ಲಿ ಅಮೆರಿಕದ ಭೂವಿಜ್ಞಾನ ಇಲಾಖೆಯವರು ಸುತ್ತಲೂ 14 ಭೂಕಂಪಮಾಪಕಗಳನ್ನು ನೆಟ್ಟು ಕುಳಿತರು. ಆಳದ ಮರಳುಗಲ್ಲನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ನೀರಿನ ಒತ್ತಡ ಸುಮಾರು 257 ಬಾರ್ ದಾಟಿದರೆ ಬಂಡೆ ಜಾರೀತೆಂದು ಲೆಕ್ಕಹಾಕಿದರು. ಒತ್ತಡವನ್ನು ಅದಕ್ಕಿಂತ ಮೇಲೇರಿಸಿದಾಗ ಕಂಪನಗಳು ಹೆಚ್ಚಿದವು. 1970ರ ನವೆಂಬರಿನಲ್ಲಿ ಪಂಪನ್ನು ತಿರುಗಿಸಿ ನೀರನ್ನು ಹೊರಗೆಳೆದರು. ಬಾವಿಗಳ ಹತ್ತಿರದ ಕಂಪನಗಳು ಬಹುಮಟ್ಟಿಗೆ ನಿಂತುಹೋದವು. ಮತ್ತೆ ಏರಿಸಿದರು, ಮತ್ತೆ ಬಂದವು. 1973ರಲ್ಲಿ ಇನ್ನೊಮ್ಮೆ ಇಳಿಸಿದರು, ಮತ್ತೆ ತಗ್ಗಿದವು. ಭೂಕಂಪದ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ನಡೆದದ್ದು ಬಲು ಅಪರೂಪವೆಂದೇ ನನ್ನ ಎಣಿಕೆ.

ಇದು ಪಂಡಿತರ ಕುತೂಹಲದ ಮಾತಾಗಿಯೇ ಉಳಿಯಲಿಲ್ಲ. ಓಕ್ಲಹೋಮ ರಾಜ್ಯದಲ್ಲಿ ಎಣ್ಣೆಯೊಡನೆ ಉಪ್ಪುನೀರೂ ಯಥೇಚ್ಛವಾಗಿ ಮೇಲೆ ಬರುತ್ತದೆ. ಅದನ್ನು ಮತ್ತೆ ಆಳದ ಸುಣ್ಣಕಲ್ಲಿನ ಪದರಕ್ಕೆ ಇಳಿಸಿಬಿಡುವರು; ಅದರ ಕೆಳಗೆ ಅತಿಪ್ರಾಚೀನ ಬಂಡೆ. 2009ಕ್ಕಿಂತ ಮೊದಲು 3ಕ್ಕೆ ಮೇಲ್ಪಟ್ಟ ಪ್ರಮಾಣದ ಕಂಪನಗಳು ಅಲ್ಲಿ ವರ್ಷಕ್ಕೆ ಒಂದೆರಡು. 2015ರಲ್ಲಿ ಸುಮಾರು 900! 2011ರಲ್ಲಿ ಪ್ರೇಗ್ ಎಂಬ ಸಣ್ಣ ಊರಿನ ಬಳಿ 5.7 ಪ್ರಮಾಣದ ಕಂಪನವೆದ್ದು ಮನೆಗಳು ಕೆಟ್ಟವು. ಗೋಡೆ ಬಿರಿದವನು ಯಾರನ್ನು ಕೇಳಬೇಕು? ದೇವರ ಕೆಲಸವಾದರೆ ದೂರಿಗೆ ಎಡೆಯಿಲ್ಲ. ಕಂಪನಿಯ ಕೆಲಸವಾದರೆ ಉಂಟು. ಬೆರಳೆಣಿಕೆಯ ವರ್ಷಗಳ ಚರ್ಚೆಯ ತರುವಾಯ, 2015ರ ಏಪ್ರಿಲಿನಲ್ಲಿ ಆ ರಾಜ್ಯದ ಭೂವಿಜ್ಞಾನ ಸಂಸ್ಥೆಯೇ, ಬಹುತೇಕ ಕಂಪನಗಳಿಗೆ ಈ ಉಪ್ಪುನೀರು ಕಾರಣವಾಗಿರುವ ಸಂಭವ ಬಲವಾಗಿದೆಯೆಂದು ಪ್ರಕಟಿಸಿತು. ಅದೇ ವರ್ಷ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಗಾಯಗೊಂಡ ನಿವಾಸಿಯೊಬ್ಬರ ದಾವೆಯನ್ನು ನ್ಯಾಯಾಲಯ ವಿಚಾರಿಸಬಹುದೆಂದು ತೀರ್ಪಿತ್ತಿತು. ಇವಾನ್ಸನ ನಕ್ಷೆಯೂ ರೇಂಜ್ಲಿಯ ಮಾಪಕಗಳೂ ಇಲ್ಲದಿದ್ದರೆ ಅಂಥ ದಾವೆಗೆ ಆಧಾರವೆಲ್ಲಿರುತ್ತಿತ್ತು?

ಆಮೇಲೆ ನೀರಿಳಿಸುವುದಕ್ಕೆ ಮಿತಿಗಳನ್ನು ಹಾಕಿದರು. ಆದರೂ 2016ರ ಸೆಪ್ಟೆಂಬರ್ 3ರಂದು ಪಾನಿ ಎಂಬಲ್ಲಿ 5.8 ಪ್ರಮಾಣದ ಕಂಪನವೆದ್ದಿತು. ಆ ರಾಜ್ಯದಲ್ಲಿ ದಾಖಲಾದವುಗಳಲ್ಲಿ ಅದೇ ದೊಡ್ಡದು. ಡೆನ್ವರಿನಲ್ಲಿಯೂ ಅತಿದೊಡ್ಡ ಕಂಪನ ಬಂದದ್ದು ಬಾವಿಯನ್ನು ನಿಲ್ಲಿಸಿ ಒಂದೂವರೆ ವರ್ಷವಾದ ಮೇಲೆ, 1967ರಲ್ಲಿ. ಲೋಕಲ್ ಹೋದ ಕ್ಷಣವೇ ಗಾಜು ಸುಮ್ಮನಾಗುವಂತೆ ಇಲ್ಲಿ ಆಗುವುದಿಲ್ಲ. ಒಳಹೊಕ್ಕ ನೀರಿನ ಒತ್ತಡ ಬಂಡೆಯ ಸಂದುಗಳಲ್ಲಿ ಮೆಲ್ಲಮೆಲ್ಲನೆ ಹರಡುತ್ತಲೇ ಇರುತ್ತದೆ. ಪಂಪು ನಿಂತ ಮೇಲೂ ದೂರದ ಸ್ತರಭಂಗವೊಂದನ್ನು ಅದು ಮುಟ್ಟೀತು. ಓಕ್ಲಹೋಮದಲ್ಲಿ 2016ರಿಂದಾಚೆಗೆ ಕಂಪನಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯತೊಡಗಿತು.