ದೀಪದ ಮುಖ ಎತ್ತ?

ದುಬೈಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆಕಾಶಗಂಗೆ ಎಂದರೆ ಪುಸ್ತಕದಲ್ಲಿನ ಚಿತ್ರ. ರಸಾಯನಶಾಸ್ತ್ರದ ನಮಗೆ ಬೆಳಕನ್ನು ಅಳೆಯುವುದು ದಿನನಿತ್ಯದ ಕೆಲಸವಾದ್ದರಿಂದ, ಆಕಾಶದ ಹೊಳಪು ಅಳೆಯುವ ಪುಟ್ಟ ಮೀಟರೊಂದನ್ನು ಮಹಡಿಯ ಮೇಲೆ ಹಿಡಿದು ನೋಡಿದೆವು. ಸುಮಾರು 17 ತೋರಿಸಿತು. ಇಲ್ಲಿ ಲೆಕ್ಕ ತಿರುಗುಮುರುಗು, ಅಂಕಿ ಹೆಚ್ಚಿದಷ್ಟೂ ಕತ್ತಲು ಹೆಚ್ಚು. ದೀಪಗಳ ಸೋಂಕಿಲ್ಲದ ಆಕಾಶಕ್ಕೆ ಸುಮಾರು 22. ಐದು ಅಂಕಿಯ ಅಂತರವೆಂದರೆ ನೂರು ಪಟ್ಟು ಬೆಳಕು!

ಬೀದಿದೀಪವನ್ನು ಗೋನಿಯೋಫೋಟೋಮೀಟರ್ ಎಂಬ ಯಂತ್ರದಲ್ಲಿಟ್ಟು, ಯಾವ ಕೋನಕ್ಕೆ ಎಷ್ಟು ಬೆಳಕು ಹೋಗುತ್ತದೆಂದು ಅಳೆಯುತ್ತಾರೆ. ಕೆಳಗೆ ಬಿದ್ದದ್ದು ರಸ್ತೆಗೆ. ಅಡ್ಡಕ್ಕೆ ಹೋದದ್ದು ಕಾರು ಓಡಿಸುವವರ ಕಣ್ಣು ಕುಕ್ಕುತ್ತದೆ. ಅದಕ್ಕಿಂತ ತುಸು ಮೇಲೆ ಹೊರಟದ್ದೇ ನಿಜವಾದ ಕಳ್ಳ: ಗಾಳಿಯಲ್ಲಿ ಬಹುದೂರ ಸಾಗುತ್ತಾ ಚದುರಿ, ಊರಾಚೆಯ ಮರಳುಗಾಡಿನ ಇರುಳನ್ನೂ ಕದಿಯುತ್ತದೆ. ಬಣ್ಣದ್ದೂ ಪಾಲಿದೆ. ಬಿಳಿ ಎಲ್‌ಇಡಿಯಲ್ಲಿರುವ 450 ನ್ಯಾನೋಮೀಟರಿನ ನೀಲಿಯನ್ನು ಗಾಳಿಯ ಅಣುಗಳು ಸೋಡಿಯಂ ದೀಪದ 589ರ ಹಳದಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಚದುರಿಸುತ್ತವೆ.

ನಮ್ಮ ಕಟ್ಟಡದ ಹಿಂದೆ ಒಂದು ಫ್ಲಡ್‌ಲೈಟ್ ಎದುರು ಮನೆಗಳ ಕಿಟಕಿಗೇ ಮುಖ ಮಾಡಿತ್ತು. ನಾತೂರನಿಗೆ ಹೇಳಿ ಅದನ್ನು ನೆಲಕ್ಕೆ ಬಗ್ಗಿಸಿದೆವು. ಖರ್ಚು ಒಂದು ಚಹಾ! ಕಾರು ನಿಲ್ಲಿಸುವ ಜಾಗದಲ್ಲಿ ಬೆಳಕು ಮೊದಲಿಗಿಂತ ಹೆಚ್ಚಾಯಿತು, ಎದುರು ಮನೆಯ ಕೂಸು ನಿದ್ದೆ ಮಾಡಿತು. ಮೀಟರಿನ ಅಂಕಿ ಮಾತ್ರ ಕದಲಲಿಲ್ಲ. ಊರಿಗೂರೇ ಬಗ್ಗಬೇಕಲ್ಲ!

ಅಬುಧಾಬಿ ಎಮಿರೇಟಿನಲ್ಲಿ, ಅಲ್ ಐನ್‌ನಿಂದ ದಕ್ಷಿಣಕ್ಕೆ ಅಲ್ ಕುವಾ ಮರಳುಗಾಡಿದೆ. ಆಕಾಶಗಂಗೆ ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅಮಾವಾಸ್ಯೆ ಹತ್ತಿರದ ಶನಿವಾರ ಹೊರಡುವ ಯೋಚನೆಯಿದೆ. ಬರುವವರು ಬುತ್ತಿ ತನ್ನಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ತನ್ನಿ.