ಸೋತ ದಿನ ಮುಂದೆ ನಿಂತವರು

ಅನ್ನ ಸೀದು ಹೋದರೆ ಅದು 'ನೀನು ಮಾಡಿದ್ದು'. ಅದೇ ತುಪ್ಪದನ್ನ ಹದವಾಗಿ ಬಂದು ನೆಂಟರು ಹೊಗಳಿದರೆ 'ನಮ್ಮ ಮನೆಯ ಅಡುಗೆಯೇ ಹಾಗೆ'! ಈ ಮಾತು ಕೇಳದ ಗೃಹಿಣಿಯರು ಕಡಿಮೆ.

ವಿಜ್ಞಾನಿ ಎ.ಪಿ.ಜೆ. ಅಬ್ದುಲ್ ಕಲಾಂ 2007ರಲ್ಲಿ ರಾಷ್ಟ್ರಪತಿ ಭವನ ಬಿಟ್ಟ ಮೇಲೆ ಮತ್ತೆ ಪಾಠ ಹೇಳುವುದಕ್ಕೇ ಹೋದರು. 2015ರ ಜುಲೈ 27ರಂದು ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತಿದ್ದಾಗಲೇ ಕುಸಿದು ಬಿದ್ದು ತೀರಿಕೊಂಡರು. ಆ ವರ್ಷಗಳ ಭಾಷಣಗಳಲ್ಲಿ ಅವರು ಮತ್ತೆ ಮತ್ತೆ ಹೇಳುತ್ತಿದ್ದುದು ತಮ್ಮ ಒಂದು ಸೋಲಿನ ಕಥೆ.

1979ರ ಆಗಸ್ಟ್ 10, ಶ್ರೀಹರಿಕೋಟಾ. ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಾರಾಟ. ಯೋಜನೆಯ ಹೊಣೆ ಕಲಾಂ ಅವರದ್ದು. ಉಡಾವಣೆಗೆ ಸ್ವಲ್ಪ ಮುಂಚೆ ಕಂಪ್ಯೂಟರ್ 'ಬೇಡ, ತಡೆ' ಎಂದಿತು. ಜೊತೆಗಿದ್ದ ತಜ್ಞರು ತೊಂದರೆಯಿಲ್ಲ ಎಂದರು. ಕಲಾಂ ಕಂಪ್ಯೂಟರಿನ ಮಾತು ಮೀರಿ ರಾಕೆಟ್ ಹಾರಿಸಿದರು. ಎರಡನೆಯ ಹಂತದಲ್ಲಿ ಹಿಡಿತ ತಪ್ಪಿ ಅದು ಬಂಗಾಳ ಕೊಲ್ಲಿಗೆ ಬಿತ್ತು. ಎಷ್ಟೋ ವರ್ಷಗಳ ದುಡಿಮೆ ಕೆಲವೇ ನಿಮಿಷಗಳಲ್ಲಿ ನೀರುಪಾಲು.

ಪತ್ರಕರ್ತರು ಕಾದಿದ್ದರು. ಇಸ್ರೋದ ಅಧ್ಯಕ್ಷರಾಗಿದ್ದವರು ಸತೀಶ್ ಧವನ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಅವರು ಕಲಾಂರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೋಲನ್ನು ತಮ್ಮ ತಲೆಯ ಮೇಲೆ ಹೊತ್ತು ಮಾತನಾಡಿದರು. ತಮ್ಮ ತಂಡದ ಮೇಲೆ ನಂಬಿಕೆಯಿದೆ, ಮುಂದಿನ ವರ್ಷ ಗೆಲ್ಲುತ್ತೇವೆ ಎಂದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಅಂದು ಧವನ್ ಹಿಂದೆ ಸರಿದು, 'ಈ ದಿನ ಪತ್ರಕರ್ತರ ಬಳಿ ನೀವೇ ಮಾತನಾಡಿ' ಎಂದು ಕಲಾಂರನ್ನು ಮುಂದೆ ಬಿಟ್ಟರು.

ಕಲಾಂ ತಮ್ಮ ಅಕ್ಕ ಝೊಹರಾರನ್ನೂ ಹೀಗೆಯೇ ನೆನೆಯುತ್ತಿದ್ದರು. ಮದ್ರಾಸಿನ ತಾಂತ್ರಿಕ ಕಾಲೇಜಿಗೆ ಸೇರಲು ಸುಮಾರು ಸಾವಿರ ರೂಪಾಯಿ ಬೇಕಾದಾಗ ಬಳೆ, ಸರ ಅಡವಿಟ್ಟವರು ಅವರು. ಎಷ್ಟು ಮನೆಗಳಲ್ಲಿ ಬಳೆ ಅಡವಿಟ್ಟ ಅಕ್ಕನ ಹೆಸರು ಹೊರಗೆ ಬರುತ್ತದೆ ಹೇಳಿ!

ಇದನ್ನೆಲ್ಲ ಓದುವಾಗ ನನಗೆ ಬೆವರುತ್ತದೆ. ಕಾರಣ ಇದೆ.

ಹನ್ನೆರಡು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಓದಬೇಕಿದ್ದ ಭಾಷಣದ ಎರಡನೆಯ ಹಾಳೆಯನ್ನು ಅವಳಿಗೆ ಕೊಡಲು ಮರೆತಿದ್ದೆ. ವೇದಿಕೆಯ ಮೇಲೆ ಅರ್ಧಕ್ಕೆ ನಿಂತು ಅವಳು ನನ್ನತ್ತ ನೋಡಿದಳು. ಮುಖ್ಯೋಪಾಧ್ಯಾಯರು ಹುಬ್ಬು ಗಂಟಿಕ್ಕಿದರು. 'ಎಷ್ಟು ಹೇಳಿದರೂ ಅಭ್ಯಾಸ ಮಾಡಲಿಲ್ಲ ಸರ್' ಎಂದುಬಿಟ್ಟೆ. ಅವಳ ತಾಯಿ ಮುಂದಿನ ಸಾಲಿನಲ್ಲಿದ್ದರು. ಮನೆಯಲ್ಲಿ ಅವಳಿಗೆ ಏನಾಯಿತೋ, ನಾನು ವಿಚಾರಿಸಲೂ ಇಲ್ಲ.

ಕಳೆದ ತಿಂಗಳು ಒಂದು ಮದುವೆಯಲ್ಲಿ ಅವಳು ಸಿಕ್ಕಿದಳು. ಈಗ ಅವಳೂ ಬಿ.ಎಡ್. ಓದುತ್ತಿದ್ದಾಳೆ. ಸಲಾಂ ಹೇಳಿ, ಕೈ ಹಿಡಿದು ಊಟಕ್ಕೆ ಕೂರಿಸಿದಳು. ತುತ್ತು ಇಳಿಯಲಿಲ್ಲ. 'ಮಗಳೇ, ಅಂದು ಆ ಹಾಳೆ ನನ್ನ ಚೀಲದಲ್ಲೇ ಇತ್ತು. ಕ್ಷಮಿಸು' ಎಂದೆ.

ಅವಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

'ಗೊತ್ತು ಟೀಚರ್. ವೇದಿಕೆಯಿಂದ ಇಳಿದು ಬರುವಾಗ ನೋಡಿದ್ದೆ' ಎಂದಳು.