ಹಗೇವಿನ ದೀಪ

ಜಗಳೂರು ಸೀಮೆಯಲ್ಲಿದ್ದ ನನ್ನ ತಾಯಿಯ ತವರುಮನೆಯ ಮುಂದೆ ಜೋಳದ ಹಗೇವೊಂದಿದ್ದಿತು. ಅದರ ಬಾಯಿಯ ಕಲ್ಲನ್ನು ಸರಿಸಿದೊಡನೆ ಯಾರೂ ಕೆಳಗಿಳಿಯುವಂತಿರಲಿಲ್ಲ. ಅಜ್ಜನವರು ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗಿಳಿಸುವರು. ದೀಪವಾರಿದರೆ ಇನ್ನಷ್ಟು ಹೊತ್ತು ಕಾಯಬೇಕು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುವುದೆಂಬುದನ್ನು ನಾನು ಓದಿ ತಿಳಿದುದು ಬಹಳ ವರ್ಷಗಳ ಮೇಲೆ. ಒಮ್ಮೆ ಸೋದರಮಾವನವರು ಅವಸರದಿಂದ ದೀಪವಿಲ್ಲದೆಯೇ ಇಳಿದು ಎಚ್ಚರ ತಪ್ಪಿದರು. ಸೊಂಟಕ್ಕೆ ಹಗ್ಗವಿದ್ದುದರಿಂದ ಮೇಲಕ್ಕೆಳೆದುಕೊಂಡರು, ಜೀವವುಳಿಯಿತು.

ಅದೇ ಮಾವನವರು ಹೋದ ಬೇಸಗೆಯಲ್ಲಿ ಒಣಮೆಣಸಿನಕಾಯಿಯ ಚೀಲಗಳನ್ನು ಬ್ಯಾಡಗಿಯ ಕಡೆಯ ಶೈತ್ಯಾಗಾರವೊಂದಕ್ಕೆ ಸಾಗಿಸಿದಾಗ ನಾನೂ ಜೊತೆಗೆ ಹೋದೆನು. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರದೆ ಕಾಯುವ ಶಕ್ತಿ ಬೆಳೆಗಾರನಿಗೆ ಬರುವುದು ಇಂತಹ ಕಡೆಯಿಂದಲೇ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರೆಲ್ಲ ಅದರ ಕೆಂಪಿನಲ್ಲಿದೆ. ಸೆಕೆಯಲ್ಲಿ ಬಹುಕಾಲವಿಟ್ಟರೆ ಆ ಬಣ್ಣ ಮಾಸುತ್ತದೆ.

ಒಳಗೆ ಕಾಲಿಟ್ಟೊಡನೆ ಮೈ ನಡುಗಿತು. ಗೋಡೆಯ ಮೇಲಿನ ಸೆನ್ಸರುಗಳು ಉಷ್ಣತೆಯನ್ನೂ ತೇವವನ್ನೂ ಎಡೆಬಿಡದೆ ಅಳೆಯುತ್ತವೆ. ಗೊತ್ತುಮಾಡಿದ ಮಟ್ಟಕ್ಕಿಂತ ಶಾಖವೇರಿದರೆ ಕಂಪ್ರೆಸರ್ ತಾನಾಗಿ ಓಡತೊಡಗುವುದು. ತಣಿದ ಮೇಲೆ ತಾನಾಗಿ ನಿಲ್ಲುವುದು. ಏನಾದರೂ ಕೆಟ್ಟರೆ ಗಂಟೆ ಬಾರಿಸುವುದು. ಹಿಂದೆ ರಾತ್ರಿಯಲ್ಲಿ ಎದ್ದೆದ್ದು ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ ಕೆಲಸಗಾರನಿಗೆ ಈಗ ಕಣ್ತುಂಬ ನಿದ್ದೆ.

ಆದರೆ ಆ ಕೆಲಸಗಾರನೇ ನಮ್ಮ ಚೀಲಗಳ ಬಾಯಿ ಬಿಚ್ಚಿಸಿ, ಕಾಯಿಯನ್ನು ಕೈಯಲ್ಲಿ ಹಿಸುಕಿ, ಮೂಸಿ, ಎರಡನ್ನು ಹೊರಗಿರಿಸಿದನು. “ಇವು ಹಸಿಯಾಗಿವೆ, ಯಜಮಾನರೇ. ಬೂಷ್ಟು ಹಿಡಿದರೆ ಪಕ್ಕದ ಚೀಲಗಳೂ ಕೆಡುತ್ತವೆ. ಥಂಡಿ ಎಷ್ಟೆಂದು ಯಂತ್ರ ಹೇಳುತ್ತದೆ, ಚೀಲದೊಳಗೆ ಏನಿದೆಯೆಂದು ಕೈಯೇ ಹೇಳಬೇಕು” ಎಂದನು.

ಲಾರಿಯ ಬಾಡಿಗೆಯನ್ನು ನೆನೆದು ಮಾವನವರಿಗೆ ಸಿಟ್ಟು ಬಂದಿತು. ಕೊಂಚ ಹೊತ್ತು ಸುಮ್ಮನಿದ್ದು, ಬಳಿಕ ನಕ್ಕು, “ಅಪ್ಪನ ದೀಪ ನೆನಪಾಯಿತು” ಎಂದರು. ಎರಡು ಚೀಲಗಳೂ ನಮ್ಮೊಡನೆ ಊರಿಗೆ ಹಿಂದಿರುಗಿ ಅಂಗಳದ ಬಿಸಿಲಿಗೆ ಹರಡಿಕೊಂಡವು.

ನಮ್ಮ ಸೀಮೆಯ ಎಲ್ಲ ಬೆಳೆಗೂ ಥಂಡಿಯೊಂದೇ ಮದ್ದಲ್ಲ. ಚನ್ನಗಿರಿಯ ಅಡಿಕೆಗೂ, ಹೊನ್ನಾಳಿ ನ್ಯಾಮತಿಗಳ ಮೆಕ್ಕೆಜೋಳಕ್ಕೂ ಮೊದಲು ಬೇಕಾದುದು ಚೆನ್ನಾಗಿ ಒಣಗುವುದು. ಜಗಳೂರಿನ ಈರುಳ್ಳಿಗೆ ಗಾಳಿಯಾಡುವ ಅಟ್ಟಣೆ ಹಿತ. ಶೈತ್ಯಾಗಾರದಿಂದ ಹೊರತೆಗೆದ ಈರುಳ್ಳಿ ಬೆವರಿ ಬೇಗ ಮೊಳೆಯುವುದುಂಟು. ಇದನ್ನರಿಯದೆ ಇಟ್ಟವನ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡಲಾರದು.

ರಾತ್ರಿಯ ಕಾವಲನ್ನು ಯಂತ್ರವು ವಹಿಸಿಕೊಂಡುದು ದೊಡ್ಡ ಉಪಕಾರವೇ ಸರಿ. ಅದು ಇಂದಿನ ದೀಪ. ಇಳಿಯುವ ಮುನ್ನ ದೀಪವಿಳಿಸಿ ನೋಡುವ ತಾಳ್ಮೆ ಮಾತ್ರ ಇಂದಿಗೂ ಮನೆಯ ಯಜಮಾನನದೇ.